ಪಿಟಿಎಸ್‌ಡಿ ನಿಜಕ್ಕೂ ಎಷ್ಟು ಜನರಿಗೆ ಬರುತ್ತದೆ? ಒಂದೊಂದು ಕಡೆ ಒಂದೊಂದು ಲೆಕ್ಕ

ತಿಳಿನೀರು:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಪತ್ರಿಕೆಗೆ ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಬಗ್ಗೆ ಎರಡು ಪುಟದ ಲೇಖನ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. "ಇದು ಎಷ್ಟು ಜನರಿಗೆ ಬರುತ್ತದೆ" ಅಂತ ಒಂದು ಸಾಲು ಬರೆಯೋಣ ಅಂತ ಕೂತೆ, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಕಡೆ ಶೇ. 3.9 ಅಂತಿದೆ, ಇನ್ನೊಂದು ಕಡೆ ಶೇ. 6. ಸೈನಿಕರಲ್ಲಿ ಶೇ. 30 ಅಂತ ಒಬ್ಬರು, ಶೇ. 4 ಅಂತ ಮತ್ತೊಬ್ಬರು. ನಿರಾಶ್ರಿತರಲ್ಲಿ 9 ಅಂತಲೂ ಇದೆ, 30 ಅಂತಲೂ ಇದೆ. ಯಾವುದನ್ನು ನಂಬಲಿ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಲೆಕ್ಕದಪುಸ್ತಕ:
ನೀವು ಬರೆದ ಅಷ್ಟೂ ಸಂಖ್ಯೆಗಳು ಅಧ್ಯಯನಗಳಿಂದಲೇ ಬಂದವು, ಯಾರೂ ಕೈಯಿಂದ ಹಾಕಿದ್ದಲ್ಲ. ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಯಾರನ್ನು ಕೇಳಿದರು, ಯಾವ ಅವಧಿಯ ಬಗ್ಗೆ ಕೇಳಿದರು, ಹೇಗೆ ಕೇಳಿದರು. ಈ ಮೂರು ಗೊತ್ತಾಗದೆ ಯಾವ ಶೇಕಡಾವಾರನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ಶೇ. 3.9 ಬಂದದ್ದು ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಮಾನಸಿಕ ಆರೋಗ್ಯ ಸಮೀಕ್ಷೆಗಳಿಂದ. ಹತ್ತಾರು ದೇಶಗಳ 71 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮುಖಾಮುಖಿ ಮಾತಾಡಿಸಿದ್ದರು. 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಅದು. ಅದರ ಅರ್ಥ, ಜೀವನದಲ್ಲಿ ಯಾವಾಗಲಾದರೂ ಒಮ್ಮೆ ಪಿಟಿಎಸ್‌ಡಿ ಬಂದವರು ನೂರಕ್ಕೆ ಸುಮಾರು ನಾಲ್ಕು. ಇವತ್ತು ಇರುವವರ ಲೆಕ್ಕ ಅಲ್ಲ ಇದು. ಅದೇ ಸಮೀಕ್ಷೆಗಳಲ್ಲಿ ಒಮ್ಮೆಯಾದರೂ ಆಘಾತಕಾರಿ ಘಟನೆ ಅನುಭವಿಸಿದವರು ನೂರಕ್ಕೆ 70. ಅವರನ್ನು ಮಾತ್ರ ಲೆಕ್ಕಕ್ಕೆ ತಗೊಂಡರೆ 3.9 ಹೋಗಿ 5.6 ಆಗುತ್ತದೆ. ನೋಡಿ, ಮನುಷ್ಯರು ಅವರೇ, ಕಾಯಿಲೆ ಅದೇ. ಕೆಳಗಿನ ಛೇದ ಬದಲಾಯಿತು ಅಷ್ಟೇ.

ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ 70ಕ್ಕೂ 5.6ಕ್ಕೂ ಇರುವ ಅಂತರ. ಅಪಘಾತ, ಹಲ್ಲೆ, ಸಾವು, ಇದೆಲ್ಲ ಹೆಚ್ಚಿನವರ ಬದುಕಲ್ಲಿ ಬಂದೇ ಬರುತ್ತದೆ. ಅದಾದ ಮೇಲೆ ಪಿಟಿಎಸ್‌ಡಿ ಆಗುವವರು ಕೆಲವರು ಮಾತ್ರ.

ಹಳೇಬೂಟು:
ಸೈನಿಕರ ವಿಷಯ ನಾನು ಹೇಳುತ್ತೇನೆ. ಸಮವಸ್ತ್ರ ಹಾಕಿ ಬಂದವನು ನಾನು. ಜನ ನಮ್ಮನ್ನು ಎರಡೇ ರೀತಿ ನೋಡುತ್ತಾರೆ. ಒಂದೋ ಏನೂ ಆಗದ ಕಲ್ಲು, ಇಲ್ಲವೇ ಪಟಾಕಿ ಸದ್ದಿಗೆ ಮಂಚದಡಿ ಹೋಗುವವನು.

ಆ ಶೇ. 30 ಎಲ್ಲಿಂದ ಬಂತು ಗೊತ್ತಾ? ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಅಮೆರಿಕದ ಸೈನಿಕರ ಮೇಲೆ 1980ರ ದಶಕದಲ್ಲಿ ನಡೆದ ದೊಡ್ಡ ರಾಷ್ಟ್ರೀಯ ಅಧ್ಯಯನದಿಂದ. ಗಂಡಸರಲ್ಲಿ ಜೀವಮಾನದ ಲೆಕ್ಕ ಶೇ. 30.9. ಅಧ್ಯಯನ ನಡೆದ ಸಮಯದಲ್ಲಿ ಇನ್ನೂ ಇದ್ದವರು ಶೇ. 15.2. ಜಾಸ್ತಿ ಆಯ್ತು ಅಂತ ಬಹಳ ವಾದ ನಡೆಯಿತು. ಯುದ್ಧರಂಗದಲ್ಲೇ ಇರದವರೂ ಸೇರಿಕೊಂಡಿದ್ದಾರೆ, ಪಿಂಚಣಿಗೋಸ್ಕರ ಕಥೆ ಕಟ್ಟಿದ್ದಾರೆ ಅಂತೆಲ್ಲ ಹೇಳಿದರು. 2006ರಲ್ಲಿ ಡೊರೆನ್ವೆಂಡ್ ಮತ್ತು ಜೊತೆಯವರು ಅದೇ ಮಾಹಿತಿಯನ್ನು ಸೇನಾ ದಾಖಲೆಗಳ ಜೊತೆ ತಾಳೆ ನೋಡಿದರು. ಯುದ್ಧಕ್ಕೆ ಮೊದಲೇ ಶುರುವಾದ ಪ್ರಕರಣಗಳನ್ನು ತೆಗೆದರು, ದಿನದ ಬದುಕಿಗೆ ಅಡ್ಡಿಯಾಗದ ಪ್ರಕರಣಗಳನ್ನೂ ತೆಗೆದರು. 30.9 ಇಳಿದು 18.7 ಆಯಿತು. 15.2 ಇಳಿದು 9.1 ಆಯಿತು. ಆದರೆ ಸುಳ್ಳು ಹೇಳಿದ್ದಕ್ಕೆ ಹೆಚ್ಚೇನೂ ಪುರಾವೆ ಸಿಗಲಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ನಿಮ್ಮ ಲೇಖನದಲ್ಲಿ ಬಿಡಬೇಡಿ.

ತಿಳಿನೀರು:
ಖಂಡಿತ ಸೇರಿಸುತ್ತೇನೆ ಸರ್. ಹಾಗಾದರೆ ಶೇ. 4 ಯಾರದ್ದು?

ಹಳೇಬೂಟು:
ಅದು ಬ್ರಿಟನ್ನಿನದು. ಇರಾಕ್ ಮತ್ತು ಅಫ್ಘಾನಿಸ್ತಾನದ ಕಾಲದ ಸೈನಿಕರನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನವರು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. 2010ರ ವರದಿಯಲ್ಲಿ ಶೇ. 4, 2018ರ ವರದಿಯಲ್ಲಿ ಸುಮಾರು ಶೇ. 6. ಅಮೆರಿಕದಲ್ಲಿ ಅದೇ ಯುದ್ಧಗಳಿಗೆ ಹೋದವರಲ್ಲಿ ಶೇ. 14 ಅಂತ ರ‍್ಯಾಂಡ್ ಸಂಶೋಧನಾ ಸಂಸ್ಥೆ 2008ರಲ್ಲಿ ಹೇಳಿತ್ತು. ಯುದ್ಧಭೂಮಿಯಲ್ಲಿ ಅಮೆರಿಕದವರ ಸರದಿ ಉದ್ದ, ವರ್ಷದ ಮೇಲೂ ಹೋಗುತ್ತಿತ್ತು. ಬ್ರಿಟಿಷರದ್ದು ಸಾಮಾನ್ಯವಾಗಿ ಆರು ತಿಂಗಳು. ಕಾರಣ ಅದೊಂದೇ ಅಲ್ಲ, ಆದರೆ ಅದೂ ಒಂದು.

ಸರಾಸರಿ ನೋಡಿ ಮೋಸ ಹೋಗಬಾರದು ಅನ್ನೋದಕ್ಕೆ ಆ 2018ರ ವರದಿಯೇ ಒಳ್ಳೆ ಉದಾಹರಣೆ. ಒಟ್ಟು ಶೇ. 6 ಇರಬಹುದು. ಆದರೆ ಎದುರಾಳಿಯ ಮುಂದೆ ನಿಂತು ಹೋರಾಡಿ, ಆಮೇಲೆ ಸೇನೆ ಬಿಟ್ಟವರಲ್ಲಿ ಅದು ಶೇ. 17. ಹೋಗಿದ್ದು ಅಲ್ಲಿಗೇ ಆದರೂ ಸರಬರಾಜು, ರಿಪೇರಿ ಇಂಥ ಕೆಲಸದಲ್ಲಿದ್ದು ಸೇನೆ ಬಿಟ್ಟವರಲ್ಲಿ ಸುಮಾರು ಶೇ. 6. ಬ್ಯಾಡ್ಜ್ ಒಂದೇ, ಕ್ಯಾಂಪ್ ಒಂದೇ, ಗೇಟಿನ ಹೊರಗೆ ಹೋಗುವವರು ಬೇರೆ. ಸೇನೆ ಬಿಟ್ಟ ಮೇಲೆ ಜಾಸ್ತಿ ಕಾಣುವುದಕ್ಕೂ ಕಾರಣ ಇದೆ. ಆರೋಗ್ಯ ಕೆಟ್ಟವರೇ ಬೇಗ ಬಿಡುತ್ತಾರೆ. ಬಿಟ್ಟ ಮೇಲೆ ಜೊತೆಗಾರರೂ ಇಲ್ಲ, ದಿನಚರಿಯೂ ಇಲ್ಲ.

ಸಂಜೆಗಾಳಿ:
ಸೈನಿಕರ ಬಗ್ಗೆ ಇಷ್ಟು ಮಾತಾಯ್ತು, ಒಳ್ಳೇದೇ. ಆದರೆ ಪಿಟಿಎಸ್‌ಡಿ ಅಂದ ಕೂಡಲೇ ಎಲ್ಲರಿಗೂ ಗಂಡಸು, ಬಂದೂಕು ಇವೇ ಕಣ್ಣ ಮುಂದೆ ಬರುತ್ತವೆ. ಅಂಕಿಅಂಶ ಹೇಳುವುದೇ ಬೇರೆ. ಯಾವ ಸಮೀಕ್ಷೆ ತೆಗೆದರೂ ಹೆಂಗಸರಲ್ಲಿ ಗಂಡಸರ ಹೆಚ್ಚುಕಡಿಮೆ ಎರಡರಷ್ಟು. ಅಮೆರಿಕದ ಮಾಜಿ ಸೈನಿಕರ ಇಲಾಖೆಯವರೇ ಇಡೀ ಜನಸಂಖ್ಯೆಗೆ ಕೊಡುವ ಲೆಕ್ಕ, ಹೆಂಗಸರಲ್ಲಿ ನೂರಕ್ಕೆ 8, ಗಂಡಸರಲ್ಲಿ ನೂರಕ್ಕೆ 4. ತಿಳಿನೀರು ಅವರು ಮೊದಲು ಹೇಳಿದ ಶೇ. 6 ಬಹುಶಃ ಇದರ ಸರಾಸರಿಯೇ.

ವಿಚಿತ್ರ ಏನಂದ್ರೆ, ಆಘಾತಕ್ಕೆ ಸಿಕ್ಕವರು ಗಂಡಸರೇ ಜಾಸ್ತಿ. 1995ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆಘಾತ ಅನುಭವಿಸಿದ ಗಂಡಸರು ಶೇ. 61, ಹೆಂಗಸರು ಶೇ. 51. ಪಿಟಿಎಸ್‌ಡಿ ಬಂದದ್ದು ಗಂಡಸರಲ್ಲಿ ಶೇ. 5, ಹೆಂಗಸರಲ್ಲಿ ಶೇ. 10.4.

ನೇರಮಾತು:
ಹೆಂಗಸರು ಬೇಗ ಹೇಳಿಕೊಳ್ಳುತ್ತಾರೆ, ಗಂಡಸರು ಬಾಯಿ ಬಿಡಲ್ಲ. ಅಷ್ಟೇ ಅಲ್ವಾ?

ಸಂಜೆಗಾಳಿ:
ಸ್ವಲ್ಪ ಪಾಲು ಇರಬಹುದು. ಆದರೆ ಅದೇ 1995ರ ಸಮೀಕ್ಷೆಯ ಇನ್ನೊಂದು ಸಾಲು ಕೇಳಿ. ತಮಗಾದ ಅತಿ ಕೆಟ್ಟ ಅನುಭವ ಅತ್ಯಾಚಾರ ಅಂದವರಲ್ಲಿ ಪಿಟಿಎಸ್‌ಡಿ ಆದ ಹೆಂಗಸರು ಶೇ. 46. ಗಂಡಸರು ಶೇ. 65. ಗಂಡಸರಲ್ಲೇ ಹೆಚ್ಚು! ಬಾಯಿ ಬಿಡದವರ ಲೆಕ್ಕ ಹೀಗೆ ಬರುತ್ತಿತ್ತಾ? ಗಂಡಸರಿಗೆ ಹೆಚ್ಚಾಗಿ ಆಗುವುದು ರಸ್ತೆ ಅಪಘಾತ, ಹೊಡೆದಾಟ, ಕಣ್ಣೆದುರು ಸಾವು ನೋಡುವುದು. ಲೈಂಗಿಕ ಹಿಂಸೆ, ಗೊತ್ತಿರುವವನಿಂದಲೇ, ಮನೆಯೊಳಗೇ, ಚಿಕ್ಕ ವಯಸ್ಸಿನಲ್ಲೇ ಆಗುವ ಹಿಂಸೆ ಹೆಂಗಸರ ಪಾಲಿಗೆ ಜಾಸ್ತಿ. ಎಲ್ಲ ಆಘಾತಗಳ ತೂಕ ಒಂದೇ ಅಲ್ಲ. ಒಬ್ಬ ಮನುಷ್ಯ ಬೇಕಂತಲೇ ಮಾಡಿದ್ದು ಪ್ರಕೃತಿ ಮಾಡಿದ್ದಕ್ಕಿಂತ ಆಳಕ್ಕೆ ಹೋಗುತ್ತದೆ. ಇದರಿಂದ ಪೂರ್ತಿ ಅಂತರ ವಿವರಿಸಲು ಆಗುವುದಿಲ್ಲ ಅನ್ನೋದೂ ನಿಜ. ಲೈಂಗಿಕ ಹಿಂಸೆ ಬಿಟ್ಟು ನೋಡಿದರೂ ಹೆಂಗಸರ ಕಡೆ ತಕ್ಕಡಿ ಸ್ವಲ್ಪ ವಾಲುತ್ತದೆ.

ಲೆಕ್ಕದಪುಸ್ತಕ:
ಇದಕ್ಕೆ ಒಂದು ಸೇರಿಸುತ್ತೇನೆ. ಅಪಾಯ ಹೆಚ್ಚಿರುವ ಘಟನೆ ಬೇರೆ, ಒಟ್ಟಾರೆ ಹೆಚ್ಚು ಪ್ರಕರಣ ತರುವ ಘಟನೆ ಬೇರೆ. 1998ರಲ್ಲಿ ಡೆಟ್ರಾಯಿಟ್ ಪ್ರದೇಶದ ಅಧ್ಯಯನ ಪ್ರಕಟವಾಯಿತು, ಬ್ರೆಸ್ಲಾವ್ ತಂಡದ್ದು. ಅಲ್ಲಿ ಸಿಕ್ಕ ಪಿಟಿಎಸ್‌ಡಿ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಒಂದರ ಹಿಂದೆ ಇದ್ದದ್ದು ಪ್ರೀತಿಪಾತ್ರರ ಹಠಾತ್ ಸಾವು. ಯುದ್ಧವೂ ಅಲ್ಲ, ಹಲ್ಲೆಯೂ ಅಲ್ಲ. ಅಂಥ ಸಾವು ನೋಡಿದವರಲ್ಲಿ ಪಿಟಿಎಸ್‌ಡಿ ಆಗುವವರ ಪ್ರಮಾಣ ಅಷ್ಟೇನೂ ದೊಡ್ಡದಲ್ಲ. ಆದರೆ ಹಾಗೆ ಯಾರನ್ನಾದರೂ ಕಳೆದುಕೊಂಡವರ ಸಂಖ್ಯೆ ಬಹಳ ದೊಡ್ಡದು.

2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ, ಡಿಎಸ್‌ಎಂ-5, ಬಂದಾಗ ಈ ಬಾಗಿಲನ್ನು ಸ್ವಲ್ಪ ಮುಚ್ಚಿದರು. ಆಪ್ತರ ಸಾವು ಹಿಂಸೆಯಿಂದಲೋ ಅಪಘಾತದಿಂದಲೋ ಆಗಿದ್ದರೆ ಮಾತ್ರ ಲೆಕ್ಕಕ್ಕೆ. ಹೃದಯಾಘಾತದಿಂದ ತೀರಿಕೊಂಡರೆ ಇಲ್ಲ. ಒಂದು ವಾಕ್ಯ ತಿದ್ದಿದ್ದಕ್ಕೆ ಎಷ್ಟೋ ಜನ ಲೆಕ್ಕದಿಂದ ಹೊರಗೆ ಹೋದರು. ಅವರ ಸಂಕಟವೇನೂ ಕಡಿಮೆ ಆಗಲಿಲ್ಲ. ಹಾಗಾಗಿ 1998ರ ಸಂಖ್ಯೆಯನ್ನೂ ಈಚಿನ ಸಂಖ್ಯೆಯನ್ನೂ ಒಂದೇ ಕೋಷ್ಟಕದಲ್ಲಿ ಹಾಕಬೇಡಿ.

ನೇರಮಾತು:
ಸರಿ, ನನ್ನ ನಿಜವಾದ ಅನುಮಾನ ಹೇಳಿಬಿಡ್ತೀನಿ. ಈಗ ಯಾರನ್ನು ಕೇಳಿದರೂ "ನನಗೆ ಟ್ರಾಮಾ" ಅಂತಾರೆ. ಬಾಸ್ ಬೈದರೂ ಟ್ರಾಮಾ, ಪರೀಕ್ಷೆ ಫೇಲಾದರೂ ಟ್ರಾಮಾ. ಈ ಸಂಖ್ಯೆಗಳೆಲ್ಲ ಹೀಗೇ ಉಬ್ಬಿದ್ದು ಅಂತ ನನಗನಿಸುತ್ತೆ.

ಕಲಿಕೆಯಹಾದಿ:
ನಾನು ಮನಃಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿ. ನೇರಮಾತು ಅವರೇ, ಮಾತಿನಲ್ಲಿ ಉಬ್ಬಿರುವುದು ನಿಜ. ಸಮೀಕ್ಷೆಯಲ್ಲಿ ಅಷ್ಟು ಸುಲಭ ಇಲ್ಲ. ಸಾವು, ಸಾವಿನ ಬೆದರಿಕೆ, ಗಂಭೀರ ಗಾಯ, ಲೈಂಗಿಕ ಹಿಂಸೆ, ಇವುಗಳಲ್ಲಿ ಒಂದು ಇರಲೇಬೇಕು. ಬಾಸ್ ಬೈಗುಳ ಮೊದಲ ಗೇಟಿನಲ್ಲೇ ನಿಲ್ಲುತ್ತದೆ. ಟಿವಿಯಲ್ಲಿ ನೋಡಿದ್ದೂ ಲೆಕ್ಕಕ್ಕಿಲ್ಲ, ಅದು ಕೆಲಸದ ಭಾಗವಾಗಿದ್ದರೆ ಮಾತ್ರ ಬೇರೆ. ಅದಾದ ಮೇಲೆ ಘಟನೆ ಪದೇ ಪದೇ ಮರುಕಳಿಸುವುದು, ನೆನಪು ತರುವ ಜಾಗ ಮತ್ತು ಜನರನ್ನು ತಪ್ಪಿಸುವುದು, ಯೋಚನೆ ಮತ್ತು ಮನಸ್ಥಿತಿ ಕೆಡುವುದು, ಸದಾ ಎಚ್ಚರದಲ್ಲಿರುವುದು. ಈ ನಾಲ್ಕೂ ಗುಂಪಿನ ಲಕ್ಷಣಗಳು ಒಂದು ತಿಂಗಳು ದಾಟಿ ಇರಬೇಕು. ಬದುಕಿಗೆ ಅಡ್ಡಿಯೂ ಆಗಿರಬೇಕು.

ಆ ಒಂದು ತಿಂಗಳ ಗಡುವು ಯಾಕೆ ಅಂತ ಒಂದು ಅಧ್ಯಯನ ನೋಡಿದರೆ ಗೊತ್ತಾಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ಐದರಿಂದ ಎಂಟು ವಾರದ ಹೊತ್ತಿಗೆ ನ್ಯೂಯಾರ್ಕಿನ ಮ್ಯಾನ್‌ಹಟನ್ ನಿವಾಸಿಗಳಿಗೆ ಫೋನ್ ಮಾಡಿ ಕೇಳಿದರು. ಶೇ. 7.5 ಜನರಲ್ಲಿ ಪಿಟಿಎಸ್‌ಡಿ ಲಕ್ಷಣಗಳಿದ್ದವು. ದಾಳಿಯಲ್ಲಿ ಬಿದ್ದ ಅವಳಿ ಗೋಪುರಗಳಿಗೆ ಹತ್ತಿರದ ಕೆನಾಲ್ ಸ್ಟ್ರೀಟ್‌ನ ದಕ್ಷಿಣಕ್ಕೆ ಇದ್ದವರಲ್ಲಿ ಶೇ. 20. ಆರು ತಿಂಗಳ ಹೊತ್ತಿಗೆ ಮ್ಯಾನ್‌ಹಟನ್‌ನ ಪ್ರಮಾಣ ಶೇ. 0.6ಕ್ಕೆ ಇಳಿದಿತ್ತು. ಯಾವಾಗ ಕೇಳಿದರು ಅನ್ನೋದು ಎಷ್ಟು ಮುಖ್ಯ ನೋಡಿ. ಆರು ವಾರಕ್ಕೆ ಕೇಳಿದವರು ಒಂದು ತಲೆಬರಹ ಬರೆಯುತ್ತಾರೆ, ಆರು ತಿಂಗಳಿಗೆ ಕೇಳಿದವರು ಇನ್ನೊಂದು.

ನೇರಮಾತು:
ಶೇ. 0.6ಕ್ಕೆ ಇಳಿದರೆ ನಾನು ಹೇಳಿದ್ದು ಸರಿಯೇ ಆಯ್ತಲ್ಲ. ತಾನಾಗೇ ಹೋಗುತ್ತೆ.

ಕಲಿಕೆಯಹಾದಿ:
ಊರಿಗೆ ಊರೇ ತತ್ತರಿಸಿದಾಗ ದೂರದಲ್ಲಿದ್ದವರು ಬೇಗ ಚೇತರಿಸಿಕೊಳ್ಳುತ್ತಾರೆ, ಹೌದು. ರೋಗನಿರ್ಣಯ ಆದವರಲ್ಲೂ ಸುಮಾರು ಶೇ. 40 ಜನ ಒಂದು ವರ್ಷದೊಳಗೆ ಚೇತರಿಸಿಕೊಳ್ಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದವರನ್ನು ಏನು ಮಾಡೋಣ? ವಿಯೆಟ್ನಾಂ ಅಧ್ಯಯನ ನಡೆದಾಗ ಯುದ್ಧ ಮುಗಿದು ಹತ್ತು ವರ್ಷದ ಮೇಲಾಗಿತ್ತು. ಕಟ್ಟುನಿಟ್ಟಾಗಿ ಸೋಸಿದ ಮೇಲೂ ನೂರಕ್ಕೆ ಒಂಬತ್ತು ಜನರಲ್ಲಿ ಅದು ಹಾಗೇ ಇತ್ತು.

ರಾತ್ರಿಪಾಳಿ:
ಇಷ್ಟು ಹೊತ್ತು ಓದುತ್ತಾ ಇದ್ದೆ. ಯಾರೂ ಆಸ್ಪತ್ರೆಯ ಮಾತೇ ಎತ್ತಲಿಲ್ಲ. ನಾನು ಐಸಿಯು ನರ್ಸ್. ತೀವ್ರ ನಿಗಾ ಘಟಕದಿಂದ ಬದುಕಿ ಹೋದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಮೊದಲ ವರ್ಷದಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಕಾಣುತ್ತವೆ. ಪಾರ್ಶ್ವವಾಯು ಆದವರಲ್ಲಿ ಮೊದಲ ವರ್ಷದೊಳಗೆ ಸುಮಾರು ಶೇ. 23. ಹೃದಯಾಘಾತದಂಥ ಘಟನೆ ದಾಟಿದವರಲ್ಲಿ ಶೇ. 12. ಈ ಮೂರೂ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದ ಸಂಖ್ಯೆಗಳು.

ಒಬ್ಬರು ಹಿರಿಯರು. ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದು, ಗುಣವಾಗಿ, ನಡೆದುಕೊಂಡೇ ಮನೆಗೆ ಹೋದವರು. ಆಮೇಲೊಮ್ಮೆ ತಪಾಸಣೆಗೆ ಬಂದರು. ವಾರ್ಡಿನ ಬಾಗಿಲ ಹತ್ತಿರ ಬಂದಾಗ ಒಳಗೆ ಯಾವುದೋ ಮಾನಿಟರ್ ಬೀಪ್ ಅಂತು. ಅಲ್ಲೇ ನಿಂತುಬಿಟ್ಟರು. ಕೈ ತಾನಾಗಿ ಗಂಟಲಿಗೆ ಹೋಯಿತು. ಮಗಳು ಎಷ್ಟು ಕರೆದರೂ ಒಳಗೆ ಬರಲಿಲ್ಲ. ಕೊನೆಗೆ ನಾನೇ ಹೊರಗೆ ಹೋಗಿ ಮಾತಾಡಿಸಿದೆ. ಅವರು ನನ್ನ ಮುಖ ನೋಡದೆ ಹೇಳಿದರು, "ನೀವೆಲ್ಲ ಸೇರಿ ನನ್ನ ಕೈ ಕಟ್ಟಿ ಉಸಿರುಗಟ್ಟಿಸಿದ್ದಿರಿ ಸಿಸ್ಟರ್." ಟ್ಯೂಬ್ ಕಿತ್ತುಕೊಳ್ಳದಿರಲಿ ಅಂತ ಕೈ ಕಟ್ಟಿದ್ದು ನಿಜ. ಔಷಧಿಯ ಮಂಪರಿನಲ್ಲಿ ಅವರ ಮನಸ್ಸು ಅದಕ್ಕೆ ಕೊಟ್ಟ ಅರ್ಥ ಕೊಲೆ ಯತ್ನ. ಇಂಥ ಭ್ರಮೆಯ ನೆನಪು ಇರುವವರಲ್ಲಿ ಪಿಟಿಎಸ್‌ಡಿ ಜಾಸ್ತಿ. ಜೀವ ಉಳಿಸಿದ ಜಾಗದಲ್ಲೇ ಆಘಾತವೂ ಆಗಿರುತ್ತದೆ. ಮನೆಯವರಿಗೆ ಇದು ಹೊಳೆಯುವುದೇ ಇಲ್ಲ, "ಬದುಕಿ ಬಂದಿದ್ದೀರಲ್ಲ, ಇನ್ನೇನು" ಅಂತಾರೆ.

ಹೆರಿಗೆಯದ್ದೂ ಇದೇ ಕಥೆ. ಎಲ್ಲ ಬಾಣಂತಿಯರನ್ನು ತಗೊಂಡರೆ ಸುಮಾರು ಶೇ. 4. ತುರ್ತು ಶಸ್ತ್ರಚಿಕಿತ್ಸೆ, ಅವಧಿಗೆ ಮುನ್ನ ಹೆರಿಗೆ, ಮಗು ಕಳೆದುಕೊಂಡದ್ದು, ಇಂಥ ಅಪಾಯದ ಗುಂಪಿನಲ್ಲಿ ಶೇ. 18 ದಾಟುತ್ತದೆ.

ಹಳೇಬೂಟು:
ಸಿಸ್ಟರ್, ನಿಮ್ಮಂಥವರ ಲೆಕ್ಕವೂ ಇದೆ. ಬೆಂಕಿ ಆರಿಸುವವರು, ಆಂಬುಲೆನ್ಸಿನವರು, ಪೊಲೀಸರು, ರಕ್ಷಣಾ ಕೆಲಸದವರು ಎಲ್ಲ ಸೇರಿ ಶೇ. 10 ಅಂತ 2012ರ ಒಂದು ಒಟ್ಟು ವಿಶ್ಲೇಷಣೆ ಹೇಳಿತ್ತು. ಅದರಲ್ಲಿ ಆಂಬುಲೆನ್ಸ್ ಸಿಬ್ಬಂದಿಯೇ ಮುಂದೆ. ಗುಂಡು ಹಾರಿಸದವರು ಎಷ್ಟೋ ಸೈನಿಕರಿಗಿಂತ ಮುಂದೆ ಇದ್ದಾರೆ ಅಂತಾಯ್ತು.

ಸಂಜೆಗಾಳಿ:
ಜೈಲಿನಲ್ಲಿರುವವರನ್ನೂ ಸೇರಿಸಿಕೊಳ್ಳಿ. 2018ರ ವಿಶ್ಲೇಷಣೆಯ ಪ್ರಕಾರ ಗಂಡು ಕೈದಿಗಳಲ್ಲಿ ಸುಮಾರು ಶೇ. 6, ಹೆಣ್ಣು ಕೈದಿಗಳಲ್ಲಿ ಶೇ. 21. ಈ ಅಂತರದ ಬಗ್ಗೆ ಯಾರೂ ಮಾತಾಡೋದಿಲ್ಲ.

ತಿಳಿನೀರು:
ನಿರಾಶ್ರಿತರದ್ದು ಇನ್ನೂ ಬಾಕಿ ಇದೆ. 9ಕ್ಕೂ 30ಕ್ಕೂ ಅಷ್ಟು ಅಂತರ ಹೇಗೆ?

ಲೆಕ್ಕದಪುಸ್ತಕ:
ಇಡೀ ಚರ್ಚೆಯಲ್ಲಿ ನನಗೆ ಇಷ್ಟವಾದ ಪ್ರಶ್ನೆ ಇದು. ಶೇ. 9 ಅನ್ನೋದು 2005ರದ್ದು, ಫಜೆಲ್ ತಂಡದ್ದು. ಶ್ರೀಮಂತ ಪಾಶ್ಚಾತ್ಯ ದೇಶಗಳಲ್ಲಿ ನೆಲೆಸಿದ ಸುಮಾರು 7 ಸಾವಿರ ನಿರಾಶ್ರಿತರು, ಅದೂ ಸಂದರ್ಶನ ಮಾಡಿದ ಸಮೀಕ್ಷೆಗಳು ಮಾತ್ರ. ಶೇ. 30.6 ಅನ್ನೋದು 2009ರದ್ದು, ಸ್ಟೀಲ್ ತಂಡದ್ದು. 40 ದೇಶಗಳ 80 ಸಾವಿರಕ್ಕೂ ಹೆಚ್ಚು ಜನ. ನಿರಾಶ್ರಿತರಷ್ಟೇ ಅಲ್ಲ, ಇನ್ನೂ ಸಂಘರ್ಷದ ನಡುವೆಯೇ ಇದ್ದವರೂ ಸೇರಿದ್ದಾರೆ. ಸಂದರ್ಶನದ ಜೊತೆ ಬರೀ ಪ್ರಶ್ನಾವಳಿ ತುಂಬಿಸಿದ ಸಮೀಕ್ಷೆಗಳೂ ಸೇರಿವೆ.

ಸ್ಟೀಲ್ ತಂಡ ಆ 30.6 ಅನ್ನು ಬಿಡಿಸಿಯೂ ನೋಡಿತು. ಚಿಕ್ಕ ಸಮೀಕ್ಷೆಗಳಲ್ಲಿ ಪ್ರಮಾಣ ಹೆಚ್ಚು, ದೊಡ್ಡವುಗಳಲ್ಲಿ ಕಡಿಮೆ. ಸಿಕ್ಕವರನ್ನು ಸೇರಿಸಿಕೊಂಡರೆ ಹೆಚ್ಚು, ಚೀಟಿ ಎತ್ತಿದಂತೆ ಆರಿಸಿದರೆ ಕಡಿಮೆ. ಪ್ರಶ್ನಾವಳಿಯಲ್ಲಿ ಹೆಚ್ಚು, ಸಂದರ್ಶನದಲ್ಲಿ ಕಡಿಮೆ. ಇಷ್ಟನ್ನೆಲ್ಲ ಕಳೆದ ಮೇಲೂ ಒಂದು ವಿಷಯ ಗಟ್ಟಿಯಾಗಿ ನಿಂತಿತು. ಚಿತ್ರಹಿಂಸೆ ಅನುಭವಿಸಿದವರಲ್ಲಿ ಪಿಟಿಎಸ್‌ಡಿ ಎಲ್ಲರಿಗಿಂತ ಹೆಚ್ಚು. ಪೆಟ್ಟಿನ ಮೇಲೆ ಪೆಟ್ಟು ತಿಂದವರು ಅದರ ನಂತರ. ಇನ್ನು, ಶೇ. 9 ಅಂದರೆ ಕಡಿಮೆ ಅಂತ ಅಂದುಕೊಳ್ಳಬೇಡಿ. ಅವರು ನೆಲೆಸಿದ ದೇಶದ ಅದೇ ವಯಸ್ಸಿನ ಜನರಿಗೆ ಹೋಲಿಸಿದರೆ ಅದು ಹತ್ತು ಪಟ್ಟಿನಷ್ಟು ಅಂತ ಆ ತಂಡವೇ ಬರೆದಿದೆ.

ಕಲಿಕೆಯಹಾದಿ:
ನನ್ನ ತಲೆ ಕೆಡಿಸಿದ್ದು ಇನ್ನೊಂದು. ಜಾಗತಿಕ ಸಮೀಕ್ಷೆಯಲ್ಲಿ ಶ್ರೀಮಂತ ದೇಶಗಳಲ್ಲಿ ಜೀವಮಾನದ ಪ್ರಮಾಣ ಸುಮಾರು ಶೇ. 5. ಬಡ ದೇಶಗಳಲ್ಲಿ ಸುಮಾರು ಶೇ. 2. ಉಲ್ಟಾ ಇರಬೇಕಿತ್ತು ಅಲ್ವಾ? ಇದರ ಮೇಲೆ ಸಂಶೋಧಕರಲ್ಲೇ ಜಗಳ ಇದೆ. ಎಲ್ಲ ಕಡೆ ಸಂಕಟ ಒಂದೇ ಮಾತಿನಲ್ಲಿ ಹೊರಗೆ ಬರುವುದಿಲ್ಲ ಅಂತ ಕೆಲವರು. ಕೆಲವು ಕಡೆ ಅದು ಮೈನೋವು, ತಲೆಸುತ್ತು, ನಿದ್ದೆಗೇಡು ಆಗಿ ಬರುತ್ತದೆ, ಪ್ರಶ್ನೆ ಪಟ್ಟಿ ಅದನ್ನು ಹಿಡಿಯುವುದಿಲ್ಲ. ಬದುಕು ಸುರಕ್ಷಿತ ಅಂತ ನಂಬಿದವರಿಗೆ ಆ ನಂಬಿಕೆ ಮುರಿದಾಗ ಪೆಟ್ಟು ಜೋರು ಅಂತ ಇನ್ನು ಕೆಲವರು. ನನಗೆ ಮೊದಲನೆಯದೇ ಹೆಚ್ಚು ನಿಜ ಅನಿಸುತ್ತದೆ.

ಮಕ್ಕಳನ್ನೂ ಮರೀಬೇಡಿ. ಆಘಾತಕ್ಕೆ ಸಿಕ್ಕ ಮಕ್ಕಳಲ್ಲಿ ಸುಮಾರು ಶೇ. 16 ಅಂತ 2014ರ ವಿಶ್ಲೇಷಣೆ. ಅಪಘಾತದಂಥದ್ದನ್ನು ಕಂಡ ಗಂಡು ಮಕ್ಕಳಲ್ಲಿ ಶೇ. 8. ಮನುಷ್ಯರಿಂದಲೇ ಹಿಂಸೆ ಅನುಭವಿಸಿದ ಹೆಣ್ಣು ಮಕ್ಕಳಲ್ಲಿ ಶೇ. 33.

ನೇರಮಾತು:
ಆ ಕೊನೆಯ ಸಂಖ್ಯೆಗೆ ನನ್ನ ಹತ್ತಿರ ಮಾತಿಲ್ಲ.

ತಿಳಿನೀರು:
ಎಲ್ಲರಿಗೂ ಧನ್ಯವಾದ. ಹೀಗೆ ಬರೆದರೆ ನಡೆಯುತ್ತಾ ನೋಡಿ: "ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ಸುಮಾರು ನಾಲ್ವರಿಗೆ ಜೀವನದಲ್ಲಿ ಯಾವಾಗಲಾದರೂ ಪಿಟಿಎಸ್‌ಡಿ ಬಂದಿರುತ್ತದೆ. ಹೆಂಗಸರಲ್ಲಿ ಇದು ಗಂಡಸರ ಸುಮಾರು ಎರಡರಷ್ಟು. ನೇರ ಹಿಂಸೆಗೆ, ಅದರಲ್ಲೂ ಲೈಂಗಿಕ ಹಿಂಸೆ ಮತ್ತು ಚಿತ್ರಹಿಂಸೆಗೆ ಸಿಕ್ಕವರಲ್ಲಿ ಹಲವು ಪಟ್ಟು ಹೆಚ್ಚು." ಸೈನಿಕರಿಗೆ, ಆಸ್ಪತ್ರೆಗೆ ಬೇರೆ ಪ್ಯಾರಾ ಮಾಡುತ್ತೇನೆ.

ಲೆಕ್ಕದಪುಸ್ತಕ:
ಚೆನ್ನಾಗಿದೆ. "ಸಮೀಕ್ಷೆ ನಡೆದ ದೇಶಗಳಲ್ಲಿ" ಅಂತ ಮೂರು ಪದ ಸೇರಿಸಿದರೆ ನನಗೆ ನಿದ್ದೆ ಬರುತ್ತದೆ.

ರಾತ್ರಿಪಾಳಿ:
ಚಿತ್ರ ಹಾಕುವುದಾದರೆ ಹೆಲ್ಮೆಟ್ ಹಾಕಿ ತಲೆ ಹಿಡಿದು ಕೂತ ಸೈನಿಕನನ್ನು ಹಾಕಬೇಡಿ ದಯವಿಟ್ಟು. ಎಲ್ಲ ಕಡೆ ಅದೇ.

ಹಳೇಬೂಟು:
ಇದಕ್ಕೆ ನನ್ನ ಪೂರ್ತಿ ಬೆಂಬಲ.

ಹೊಸಬ_07:
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಹೋದ ವರ್ಷ ನನಗೆ ಒಂದು ಅಪಘಾತ ಆಗಿತ್ತು. ಇದನ್ನೆಲ್ಲ ಓದಿ ಪಿಸಿಎಲ್-5 ಅನ್ನೋ 20 ಪ್ರಶ್ನೆಗಳ ಪಟ್ಟಿ ತುಂಬಿದೆ. 38 ಬಂತು. ಹಾಗಾದರೆ ನನಗೆ ಪಿಟಿಎಸ್‌ಡಿ ಇದೆಯಾ?

ಕಲಿಕೆಯಹಾದಿ:
ಆ ಪಟ್ಟಿಯ ಗರಿಷ್ಠ ಅಂಕ 80. 31ರಿಂದ 33ರ ಆಸುಪಾಸು ದಾಟಿದರೆ ಸರಿಯಾಗಿ ಪರೀಕ್ಷಿಸಿಕೊಳ್ಳಬೇಕು ಅಂತ ಅರ್ಥ. ಇದೆ ಅಂತ ಅದೊಂದರಿಂದಲೇ ಹೇಳಲು ಬರುವುದಿಲ್ಲ, ಇಲ್ಲ ಅಂತ ಸುಮ್ನೆ ಕೂರುವುದೂ ಬೇಡ. ಪ್ರಶ್ನಾವಳಿಯಲ್ಲಿ ಸಂಖ್ಯೆ ಹೆಚ್ಚು ಬರುತ್ತದೆ ಅಂತ ಮೇಲೆ ಲೆಕ್ಕದಪುಸ್ತಕ ಅವರು ಹೇಳಿದ್ದು ಸಮೀಕ್ಷೆಗಳ ಬಗ್ಗೆ. ಅದನ್ನು ನಿಮ್ಮ 38ರಿಂದ ಕಳೆದುಕೊಳ್ಳಬೇಡಿ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಕೂತು ಮಾತಾಡಿಸಿ ನೋಡುತ್ತಾರೆ. ಒಳ್ಳೆ ಚಿಕಿತ್ಸೆ ಇದೆ. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಆಘಾತದ ನೆನಪನ್ನು ಎದುರಿಸುವ ಚಿಕಿತ್ಸೆ) ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ವರ್ಷ ಕಳೆದಿದೆ ಅಂತ ತಡವೇನೂ ಆಗಿಲ್ಲ.

ಹೊಸಬ_07:
ಹೋದರೆ ಎಲ್ಲಿಂದ ಶುರು ಮಾಡೋದು, ಏನು ಹೇಳೋದು ಅಂತಲೇ ಗೊತ್ತಾಗಲ್ಲ.

ರಾತ್ರಿಪಾಳಿ:
ನೀವು ತುಂಬಿದ ಆ ಹಾಳೆಯನ್ನೇ ತಗೊಂಡು ಹೋಗಿ, ಮೇಜಿನ ಮೇಲಿಡಿ. ಅಪಘಾತದ ಕಥೆ ಮೊದಲ ದಿನವೇ ಪೂರ್ತಿ ಹೇಳಬೇಕಾಗಿಲ್ಲ. ನಿದ್ದೆ ಹೇಗಿದೆ, ಯಾವ ರಸ್ತೆಗೆ ಹೋಗುವುದನ್ನು ಬಿಟ್ಟಿದ್ದೀರಿ, ಇಷ್ಟು ಹೇಳಿದರೂ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ. ಜೀವ ಬೇಡ ಅನ್ನುವಂಥ ಯೋಚನೆ ಬರುತ್ತಿದ್ದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಇವತ್ತೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.